ಅಂಬಲಪ್ಪುಳದ ಅಕ್ಕಿಕಾಳಿನ ಲೆಕ್ಕ: 18446744073709551615ರ ಒಳಗೇನಿದೆ?

ಪ್ರಶ್ನೆ: ನಾನು ಪೆರ್ಲದ ಸಮೀಪದ ಒಂದು ಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಕಲಿಸುತ್ತೇನೆ. ಕೇರಳದ ಅಂಬಲಪ್ಪುಳ ಕ್ಷೇತ್ರದ ಹಾಲುಪಾಯಸದ ಐತಿಹ್ಯವನ್ನು ಹೇಳಿ, ಚದುರಂಗದ 64 ಮನೆಗಳ ಅಕ್ಕಿಕಾಳುಗಳ ಮೊತ್ತ 18446744073709551615 ಎಂದು ಹಲಗೆಯ ಮೇಲೆ ಬರೆದೆ. ಮಕ್ಕಳು ಮೊಬೈಲಿನಲ್ಲಿ ನೋಡಿದರೆ ಕೊನೆಯ ಅಂಕಿಗಳು ಬೇರೆಯೇ ಬಂದವು. ಇಷ್ಟೂ ಅಂಕಿಗಳು ಸರಿ ಎಂದು ಕಾಗದದ ಮೇಲೆ ತೋರಿಸುವುದು ಹೇಗೆ? ಈ ಸಂಖ್ಯೆಯ ಅಪವರ್ತನಗಳು ಯಾವುವು, ಅವುಗಳನ್ನು ಯಂತ್ರದ ನೆರವಿಲ್ಲದೆ ಕಂಡುಹಿಡಿಯಬಹುದೇ? ಗಾತ್ರವನ್ನು ಬಿಟ್ಟರೆ ಇದರಲ್ಲಿ ಬೇರೇನಾದರೂ ವಿಶೇಷವಿದೆಯೇ?

ಉತ್ತರ: ಮೂರೂ ಪ್ರಶ್ನೆಗಳಿಗೆ ಕಾಗದ ಮತ್ತು ಪೆನ್ಸಿಲ್ ಸಾಕು ಎಂಬುದೇ ಈ ಸಂಖ್ಯೆಯ ದೊಡ್ಡ ಗುಣ. ಇಪ್ಪತ್ತು ಅಂಕಿಗಳ ಯಾವುದೋ ಒಂದು ಸಂಖ್ಯೆಯನ್ನು ಸುಮ್ಮನೆ ಬರೆದುಕೊಟ್ಟು ಅಪವರ್ತಿಸಿ ಎಂದರೆ ಕೈಲೆಕ್ಕದಲ್ಲಿ ಅದು ಬಹುತೇಕ ಆಗದ ಕೆಲಸ. ಆದರೆ ಈ ಸಂಖ್ಯೆ ಹುಟ್ಟಿದ ಕ್ರಮವೇ ಅದರ ಒಳರಚನೆಯನ್ನು ಬಿಚ್ಚಿ ತೋರಿಸುವುದರಿಂದ, ಪ್ರೌಢಶಾಲೆಯ ಮಕ್ಕಳೂ ಅದರ ತಳದವರೆಗೆ ಇಳಿಯಬಹುದು.

ಮೊದಲು ಕಥೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಚದುರಂಗದಲ್ಲಿ ರಾಜನನ್ನು ಸೋಲಿಸಿದ ಶ್ರೀಕೃಷ್ಣನು ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ದ್ವಿಗುಣಗೊಳ್ಳುವ ಅಕ್ಕಿಯನ್ನು ಕೇಳಿದನೆಂದೂ, ಅದನ್ನು ತೀರಿಸಲಾಗದ ರಾಜನು ನಿತ್ಯವೂ ಹಾಲುಪಾಯಸವನ್ನು ನೀಡಲು ಒಪ್ಪಿದನೆಂದೂ ಐತಿಹ್ಯ. 64ನೆಯ ಮನೆಯಲ್ಲಿ 2⁶³ ಕಾಳುಗಳಿರುತ್ತವೆ. ಪ್ರತಿ ಮನೆಯ ಕಾಳುಗಳು ಅದರ ಹಿಂದಿನ ಎಲ್ಲ ಮನೆಗಳ ಮೊತ್ತಕ್ಕಿಂತ ಒಂದು ಹೆಚ್ಚಾದ್ದರಿಂದ, ಒಟ್ಟು ಮೊತ್ತವು 65ನೆಯ ಮನೆ ಇದ್ದಿದ್ದರೆ ಅದರಲ್ಲಿ ಇರಬೇಕಾದ 2⁶⁴ಕ್ಕಿಂತ ಒಂದು ಕಡಿಮೆ. ಗ್ರಾಂ ಒಂದಕ್ಕೆ 40 ಕಾಳು ಎಂದು ಹಿಡಿದರೆ ಇದು ಸುಮಾರು 46,000 ಕೋಟಿ ಟನ್ ಅಕ್ಕಿ. ಇಡೀ ಜಗತ್ತಿನ ಈಗಿನ ಸುಮಾರು ಒಂಬೈನೂರು ವರ್ಷಗಳ ಬೆಳೆ. ಮುಡಿಗೆ (ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆಗೆ) 40 ಕಿಲೋ ಎಂದು ಲೆಕ್ಕ ಹಾಕಿದರೆ 11 ಲಕ್ಷ ಕೋಟಿಗೂ ಮಿಕ್ಕ ಮುಡಿಗಳಾಗುತ್ತವೆ. ಇಂತಹ ಹೋಲಿಕೆಗಳು ಮಕ್ಕಳ ಗಮನವನ್ನು ಸೆಳೆಯುತ್ತವೆ, ನಿಜ; ಆದರೆ ಹೆಚ್ಚಿನ ಪಾಠಗಳು ಬೆರಗಿನಲ್ಲಿಯೇ ನಿಂತುಬಿಡುತ್ತವೆ ಎಂಬುದು ನನ್ನ ಕೊರಗು. ಸಂಖ್ಯೆಯೊಳಗಿನ ಗಣಿತ ಅಲ್ಲಿಂದ ಮುಂದಕ್ಕೆ ಇದೆ.

ಮೊಬೈಲಿನ ಉತ್ತರ ಬೇರೆಯಾದದ್ದಕ್ಕೆ ಕಾರಣ ಸರಳ. ಸಾಮಾನ್ಯ ಕ್ಯಾಲ್ಕುಲೇಟರುಗಳೂ ಸ್ಪ್ರೆಡ್‌ಶೀಟುಗಳೂ ದೊಡ್ಡ ಸಂಖ್ಯೆಯ ಮೊದಲ ಕೆಲವು ಅಂಕಿಗಳನ್ನು ಮಾತ್ರ ಇಟ್ಟುಕೊಂಡು, ಉಳಿದುದನ್ನು ದುಂಡಾಗಿಸಿ ಸೊನ್ನೆಗಳಿಂದ ತುಂಬುತ್ತವೆ. ಸ್ಪ್ರೆಡ್‌ಶೀಟಿನಲ್ಲಿ ಸಾಮಾನ್ಯವಾಗಿ ಹದಿನೈದು ಅಂಕಿಗಳಾಚೆ ನಂಬಿಕೆಗೆ ಅರ್ಹವಾದುದು ಏನೂ ಉಳಿಯುವುದಿಲ್ಲ. ಆದ್ದರಿಂದ ಕಾಗದದ ಲೆಕ್ಕಕ್ಕೆ ಬರೋಣ.

2⁶⁴ನ್ನು ಪಡೆಯಲು 63 ಸಲ ದ್ವಿಗುಣಗೊಳಿಸಬೇಕಾಗಿಲ್ಲ. ಆರು ಸಲ ವರ್ಗ ಮಾಡಿದರೆ ಸಾಕು. 2ರ ವರ್ಗ 4, ಅದರ ವರ್ಗ 16, ಅನಂತರ 256, 65536, 4294967296, ಕೊನೆಗೆ 2⁶⁴. ಕ್ರಿ.ಶ. 1000ರ ಸುಮಾರಿಗೆ ಅಲ್ ಬಿರೂನಿಯು ಚದುರಂಗದ ಈ ಮೊತ್ತವನ್ನು ಸಾಧಿಸಿದ್ದು ವರ್ಗಗಳ ಮೂಲಕವೇ. ಜೈನರ ಅನುಯೋಗದ್ವಾರಸೂತ್ರದಲ್ಲಿ ಲೋಕದ ಮನುಷ್ಯರ ಸಂಖ್ಯೆಯನ್ನು ಎರಡರ ಆರನೆಯ ವರ್ಗವನ್ನು ಐದನೆಯ ವರ್ಗದಿಂದ ಗುಣಿಸಿದಷ್ಟು, ಅಂದರೆ 96 ಸಲ ಅರ್ಧ ಮಾಡಬಹುದಾದಷ್ಟು ಎಂದು ಹೇಳಿದೆ; ಆ ಆರನೆಯ ವರ್ಗವು ನಮ್ಮ 2⁶⁴ ಅಲ್ಲದೆ ಬೇರೆಯಲ್ಲ. ಮಂಜೇಶ್ವರದ ಬಸದಿಗಳನ್ನು ನೋಡಿ ಬೆಳೆದ ನಮ್ಮ ಮಕ್ಕಳಿಗೆ ಇದನ್ನು ತಪ್ಪದೆ ಹೇಳಬೇಕೆಂದು ನನಗೆ ಅನ್ನಿಸುತ್ತದೆ.

ಕೊನೆಯ ವರ್ಗವೊಂದೇ ಸ್ವಲ್ಪ ಶ್ರಮದ್ದು. 4294967296ನ್ನು 42949 ಲಕ್ಷ ಮತ್ತು 67296 ಎಂದು ಒಡೆಯಿರಿ. ಮೊದಲ ಭಾಗದ ವರ್ಗ 42949 × 42949 = 1844616601; ಇದರ ಮುಂದೆ ಹತ್ತು ಸೊನ್ನೆ ಹಾಕಬೇಕು. ಎರಡೂ ಭಾಗಗಳ ಗುಣಲಬ್ಧದ ಇಮ್ಮಡಿ 2 × 42949 × 67296 = 5780591808; ಇದರ ಮುಂದೆ ಐದು ಸೊನ್ನೆ. ಎರಡನೆಯ ಭಾಗದ ವರ್ಗ 4528751616. ಮೂರನ್ನೂ ಒಂದರ ಕೆಳಗೊಂದು ಬರೆದು ಕೂಡಿಸಿದರೆ 18446744073709551616 ದೊರೆಯುತ್ತದೆ. ಒಂದು ಕಳೆದರೆ ನಿಮ್ಮ ಹಲಗೆಯ ಮೇಲಿದ್ದ ಸಂಖ್ಯೆಯೇ ಬರುತ್ತದೆ.

ಇದನ್ನು ಓದುವುದು ಹೇಗೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಕೋಟಿಯ ಲೆಕ್ಕದಲ್ಲಿ 1,84,467 ಕೋಟಿ ಕೋಟಿ, 44,07,370 ಕೋಟಿ, 95,51,615 ಎಂದು ಓದಬಹುದು. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಅವುಗಳಲ್ಲಿ ಇಪ್ಪತ್ತನೆಯದು ಮಹಾಶಂಖ. ಹಾಗಾಗಿ ನಮ್ಮ ಸಂಖ್ಯೆಯ ಮೊದಲ 1 ನಿಂತಿರುವುದು ಮಹಾಶಂಖದ ಸ್ಥಾನದಲ್ಲಿ.

ಇನ್ನು ತಾಳೆ ನೋಡುವ ವಿಧಾನ. ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳಾಗಿ ಬಿಡಿಸಿ: 18, 446, 744, 073, 709, 551, 615. ಬಲತುದಿಯಿಂದ ಆರಂಭಿಸಿ ಒಮ್ಮೆ ಕೂಡುತ್ತಾ ಒಮ್ಮೆ ಕಳೆಯುತ್ತಾ ಬನ್ನಿ: 615 − 551 + 709 − 73 + 744 − 446 + 18 = 1016. ಇದರಿಂದ 1001ನ್ನು ಕಳೆದರೆ 15. ಈ ಕ್ರಮದಲ್ಲಿ ದೊರೆಯುವುದು ಸಂಖ್ಯೆಯನ್ನು 1001ರಿಂದ ಭಾಗಿಸಿದಾಗಿನ ಶೇಷವೇ, ಏಕೆಂದರೆ ಸಾವಿರವು 1001ಕ್ಕಿಂತ ಒಂದು ಕಡಿಮೆ. ಈಗ ಅದೇ ಶೇಷವನ್ನು ಅಂಕಿಗಳನ್ನು ನೋಡದೆಯೇ ಪಡೆಯೋಣ. 1001 = 7 × 11 × 13. ಎರಡರ ಘಾತಗಳ ಶೇಷಗಳು 7ರಲ್ಲಿ ಮೂರು ಹೆಜ್ಜೆಗೊಮ್ಮೆ, 11ರಲ್ಲಿ ಹತ್ತು ಹೆಜ್ಜೆಗೊಮ್ಮೆ, 13ರಲ್ಲಿ ಹನ್ನೆರಡು ಹೆಜ್ಜೆಗೊಮ್ಮೆ ಮರಳಿ 1ಕ್ಕೆ ಬರುತ್ತವೆ. ಮೂರರ ಲಘುತಮ ಸಾಮಾನ್ಯ ಅಪವರ್ತ್ಯ 60. ಆದ್ದರಿಂದ 2⁶⁰ರ ಶೇಷ 1, 2⁶⁴ರ ಶೇಷ 16, ನಮ್ಮ ಸಂಖ್ಯೆಯ ಶೇಷ 15. ಎರಡೂ ದಾರಿಗಳು ಒಂದೇ ಕಡೆ ಕೂಡಿದವು. ಯಾವುದಾದರೂ ಒಂದು ಅಂಕಿ ತಪ್ಪಿದ್ದರೂ, ಅಕ್ಕಪಕ್ಕದ ಎರಡು ಬೇರೆ ಬೇರೆ ಅಂಕಿಗಳು ಅದಲುಬದಲಾಗಿದ್ದರೂ ಈ ಪರೀಕ್ಷೆ ಅದನ್ನು ಖಂಡಿತವಾಗಿ ಹಿಡಿಯುತ್ತದೆ. ಹಲಗೆಯಿಂದ ಪುಸ್ತಕಕ್ಕೆ ನಕಲು ಮಾಡುವಾಗ ಆಗುವ ತಪ್ಪುಗಳು ಹೆಚ್ಚಾಗಿ ಇವೆರಡೇ ಬಗೆಯವು.

ಅಪವರ್ತನಗಳ ವಿಚಾರಕ್ಕೆ ಬಂದರೆ, ಚದುರಂಗದ ಮಣೆಯನ್ನೇ ಮುಂದಿಟ್ಟುಕೊಳ್ಳಿ. ಮೊದಲ 32 ಮನೆಗಳ, ಅಂದರೆ ಅರ್ಧ ಮಣೆಯ ಮೊತ್ತ 2³² − 1 = 4294967295. ಉಳಿದರ್ಧದ ಪ್ರತಿಯೊಂದು ಮನೆಯಲ್ಲಿಯೂ ಮೊದಲರ್ಧದ ಅದೇ ಕ್ರಮಾಂಕದ ಮನೆಯ 2³² ಪಟ್ಟು ಕಾಳುಗಳಿವೆ. ಆದುದರಿಂದ ಇಡೀ ಮಣೆಯ ಮೊತ್ತವು ಅರ್ಧ ಮಣೆಯ ಮೊತ್ತದ 2³² + 1 ಪಟ್ಟು. ಇದೇ ಮಾತನ್ನು ಅರ್ಧ ಮಣೆಗೂ, ಅದರ ಅರ್ಧಕ್ಕೂ ಅನ್ವಯಿಸುತ್ತಾ ಹೋಗಿ. ಎರಡು ಮನೆಗಳಲ್ಲಿ 3 ಕಾಳು; ನಾಲ್ಕರಲ್ಲಿ 3 × 5 = 15; ಮೊದಲ ಸಾಲಿನ ಎಂಟರಲ್ಲಿ 15 × 17 = 255; ಎರಡು ಸಾಲುಗಳಲ್ಲಿ 255 × 257 = 65535; ನಾಲ್ಕು ಸಾಲುಗಳಲ್ಲಿ 65535 × 65537 = 4294967295; ಎಂಟೂ ಸಾಲುಗಳಲ್ಲಿ ಅದರ 4294967297 ಪಟ್ಟು. ಹೀಗೆ ಬೀಜಗಣಿತದ ಒಂದು ಸೂತ್ರವನ್ನೂ ಬರೆಯದೆ,

18446744073709551615 = 3 × 5 × 17 × 257 × 65537 × 4294967297

ಎಂಬ ರೂಪ ನಮ್ಮ ಕೈಗೆ ಬಂತು. ಈ ಆರು ಗುಣಕಗಳಲ್ಲಿ ಯಾವ ಎರಡಕ್ಕೂ 1ನ್ನು ಬಿಟ್ಟು ಸಾಮಾನ್ಯ ಭಾಜಕವಿಲ್ಲ: ಪ್ರತಿಯೊಂದೂ ತನಗಿಂತ ಹಿಂದಿನವುಗಳ ಗುಣಲಬ್ಧಕ್ಕಿಂತ ಎರಡು ಹೆಚ್ಚಾಗಿರುವುದರಿಂದ ಸಾಮಾನ್ಯ ಭಾಜಕವೇನಾದರೂ ಇದ್ದರೆ ಅದು 2ನ್ನು ಭಾಗಿಸಬೇಕು, ಆದರೆ ಇವೆಲ್ಲವೂ ಬೆಸಸಂಖ್ಯೆಗಳು.

ಇವುಗಳಿಗೆ ಫರ್ಮಾ ಸಂಖ್ಯೆಗಳು ಎಂದು ಹೆಸರು. ಫ್ರಾನ್ಸಿನ ಪಿಯರ್ ಡಿ ಫರ್ಮಾ 1640ರ ಸುಮಾರಿಗೆ ಇವನ್ನು ಪರಿಶೀಲಿಸಿ, ಸರಣಿಯ ಎಲ್ಲ ಸಂಖ್ಯೆಗಳೂ ಅವಿಭಾಜ್ಯಗಳೇ ಆಗಿರಬೇಕೆಂದು ಊಹಿಸಿದ. ಮೊದಲ ಐದು ನಿಜವಾಗಿಯೂ ಅವಿಭಾಜ್ಯಗಳು. ಆರನೆಯದು, ಅಂದರೆ ನಮ್ಮ ಮಣೆಯ ಕೊನೆಯ ಗುಣಕವಾದ 4294967297, ಅಲ್ಲ. 1732ರಲ್ಲಿ ಲಿಯೊನಾರ್ಡ್ ಆಯ್ಲರ್ ಅದನ್ನು 641 × 6700417 ಎಂದು ಒಡೆದು ತೋರಿಸಿದ. ಆ ಕಾಲಕ್ಕೆ ಆತನಿಗೆ ಇಪ್ಪತ್ತೈದು ವರ್ಷ.

641 ಎಲ್ಲಿಂದ ಬಂತು? ಇದು ನಿಮ್ಮ ತರಗತಿಯಲ್ಲಿ ನಿಧಾನವಾಗಿ, ಬಿಡಿಸಿ ಹೇಳಲು ಅರ್ಹವಾದ ಭಾಗ. ಪ ಎಂಬ ಅವಿಭಾಜ್ಯ ಸಂಖ್ಯೆಯು 2³² + 1ನ್ನು ಭಾಗಿಸುತ್ತದೆ ಎಂದಿಟ್ಟುಕೊಳ್ಳೋಣ. 2ರಿಂದ ಹೊರಟು ದ್ವಿಗುಣಗೊಳಿಸುತ್ತಾ, ಪ್ರತಿ ಹೆಜ್ಜೆಯಲ್ಲಿಯೂ ಪ ಸಂಖ್ಯೆಯಿಂದ ಭಾಗಿಸಿದ ಶೇಷವನ್ನು ಮಾತ್ರ ಇಟ್ಟುಕೊಳ್ಳಿ. 32ನೆಯ ಹೆಜ್ಜೆಯಲ್ಲಿ ಶೇಷವು −1ಕ್ಕೆ (ಅಂದರೆ ಪ − 1ಕ್ಕೆ) ಸಮ, 64ನೆಯ ಹೆಜ್ಜೆಯಲ್ಲಿ 1. ಶೇಷವು 1 ಆಗುವುದು ಮೊದಲ ಬಾರಿಗೆ 64ನೆಯ ಹೆಜ್ಜೆಯಲ್ಲಿಯೇ. ಅದಕ್ಕಿಂತ ಮೊದಲೇ ಆಗಿದ್ದರೆ ಆ ಹೆಜ್ಜೆಯ ಕ್ರಮಾಂಕವು 64ರ ಚಿಕ್ಕ ಭಾಜಕವಾಗಿರಬೇಕಿತ್ತು, ಅಂತಹ ಭಾಜಕಗಳೆಲ್ಲವೂ 32ನ್ನು ಭಾಗಿಸುವುದರಿಂದ 32ನೆಯ ಹೆಜ್ಜೆಯಲ್ಲಿಯೂ 1 ಬರಬೇಕಾಗುತ್ತಿತ್ತು. ಇನ್ನೊಂದೆಡೆ, ಫರ್ಮಾನ ಕಿರುಪ್ರಮೇಯದ ಪ್ರಕಾರ (ಪ − 1)ನೆಯ ಹೆಜ್ಜೆಯಲ್ಲಿ ಶೇಷ 1 ಆಗಿಯೇ ಆಗಬೇಕು. ಹಾಗಾದರೆ 64ರಿಂದ ಪ − 1 ಭಾಗವಾಗಬೇಕು. ಅಂದರೆ ಪ ಎಂಬುದು 64ರ ಯಾವುದೋ ಅಪವರ್ತ್ಯಕ್ಕೆ ಒಂದು ಸೇರಿಸಿದ ಸಂಖ್ಯೆ. 65, 129, 193, 257, 321 ಎಂದು ಪಟ್ಟಿ ಮಾಡುತ್ತಾ ಅವಿಭಾಜ್ಯಗಳನ್ನಷ್ಟೇ ಆರಿಸಿದರೆ 193, 257, 449, 577, 641 ಸಿಗುತ್ತವೆ. 257 ತಾನೇ ಒಂದು ಫರ್ಮಾ ಸಂಖ್ಯೆಯಾದ್ದರಿಂದ ಅದು ಭಾಗಿಸಲಾರದು. ಉಳಿದ ನಾಲ್ಕರಲ್ಲಿ ಮೂರು ಭಾಗಾಕಾರಗಳು ಶೇಷವನ್ನು ಬಿಡುತ್ತವೆ, ನಾಲ್ಕನೆಯದು ಬಿಡುವುದಿಲ್ಲ. ಫರ್ಮಾನ ಊಹೆಯನ್ನು ಮುರಿಯಲು ಬೇಕಾದ ಸಾಧನ ಆತನದೇ ಪ್ರಮೇಯವಾಗಿತ್ತು, ಆತನ ಕೈಯಲ್ಲಿಯೇ ಇತ್ತು ಎಂಬುದನ್ನು ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿಬರುತ್ತದೆ.

641 ಭಾಗಿಸುತ್ತದೆ ಎಂದು ತೋರಿಸಲು ಉದ್ದದ ಭಾಗಾಕಾರವೂ ಬೇಡ. 641 = 5 × 128 + 1; ಹಾಗೆಯೇ 641 = 625 + 16, ಅಂದರೆ 5⁴ + 2⁴. ಮೊದಲ ರೂಪದಿಂದ 5 × 2⁷ರ ಶೇಷ −1. ಅದನ್ನು ನಾಲ್ಕನೆಯ ಘಾತಕ್ಕೇರಿಸಿದರೆ 5⁴ × 2²⁸ರ ಶೇಷ 1. ಎರಡನೆಯ ರೂಪದಿಂದ 5⁴ರ ಬದಲಿಗೆ −2⁴ ಎಂದು ಇಡಬಹುದು. ಆಗ −2³²ರ ಶೇಷ 1, ಎಂದರೆ 2³² + 1 ಶೇಷವಿಲ್ಲದೆ ಭಾಗವಾಗುತ್ತದೆ. ಇಷ್ಟು ಚಿಕ್ಕದಾದ, ಇಷ್ಟು ಪೂರ್ಣವಾದ ಸಾಧನೆಗಳು ಶಾಲಾಗಣಿತಕ್ಕೆ ನಿಲುಕುವ ಎತ್ತರದಲ್ಲಿ ಹೆಚ್ಚು ಸಿಗುವುದಿಲ್ಲ.

6700417 ಅವಿಭಾಜ್ಯವೇ ಎಂಬುದು ಉಳಿಯಿತು. ಇದರ ವರ್ಗಮೂಲ 2588ಕ್ಕಿಂತ ತುಸು ಹೆಚ್ಚು. ಅಷ್ಟರೊಳಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಹೊರಟರೆ ಮುನ್ನೂರಕ್ಕೂ ಮಿಕ್ಕ ಭಾಗಾಕಾರಗಳಾಗುತ್ತವೆ. ಆದರೆ ಆಯ್ಲರನ ಶೋಧನೆಯನ್ನು ಫ್ರಾನ್ಸಿನ ಎಡ್ವರ್ಡ್ ಲ್ಯೂಕಾ 1878ರಲ್ಲಿ ಇನ್ನೂ ಹರಿತಗೊಳಿಸಿದ: ಇಲ್ಲಿ ಭಾಜಕಗಳು 64ರ ಬದಲಿಗೆ 128ರ ಅಪವರ್ತ್ಯಕ್ಕಿಂತ ಒಂದು ಹೆಚ್ಚಾಗಿರಬೇಕು. ಕಾರಣವೂ ಸುಂದರವಾದುದೇ. 256 × 65535 ಎಂಬ ಸಂಖ್ಯೆಯ ವರ್ಗವನ್ನು 2³² + 1ರಿಂದ ಭಾಗಿಸಿದರೆ ಶೇಷ 2 ಬರುತ್ತದೆ. ಎಂದರೆ ಇಲ್ಲಿ 2ಕ್ಕೆ ಒಂದು ವರ್ಗಮೂಲವಿದೆ, 2 ಮರಳಿ 1ಕ್ಕೆ ಬರಲು 64 ಹೆಜ್ಜೆ ಬೇಕಾದರೆ ಅದರ ವರ್ಗಮೂಲಕ್ಕೆ 128 ಹೆಜ್ಜೆ ಬೇಕು. 2588ರೊಳಗೆ ಈ ಲಕ್ಷಣವಿರುವ ಅವಿಭಾಜ್ಯಗಳು 257, 641, 769, 1153 ಮತ್ತು 1409 ಮಾತ್ರ. 257ನ್ನು ಆಗಲೇ ಬಿಟ್ಟಿದ್ದೇವೆ. ಉಳಿದವುಗಳಿಂದ 6700417ನ್ನು ಭಾಗಿಸಿದರೆ ಶೇಷಗಳು ಕ್ರಮವಾಗಿ 44, 120, 334 ಮತ್ತು 622. ನಾಲ್ಕೇ ಭಾಗಾಕಾರಗಳಲ್ಲಿ ಏಳಂಕಿಯ ಸಂಖ್ಯೆಯೊಂದು ಅವಿಭಾಜ್ಯವೆಂದು ಸಿದ್ಧವಾಯಿತು. 65537ಕ್ಕೆ ಇದೇ ತರ್ಕವನ್ನು ಹಚ್ಚಿದರೆ 193ರಿಂದ ಒಂದು ಭಾಗಾಕಾರ ಸಾಕು, ಶೇಷ 110. 257ಕ್ಕೆ ಒಂದೂ ಬೇಡ.

ಆದ್ದರಿಂದ ನಿಮ್ಮ ಎರಡನೆಯ ಪ್ರಶ್ನೆಗೆ ಪೂರ್ಣ ಉತ್ತರ ಇದು:

18446744073709551615 = 3 × 5 × 17 × 257 × 641 × 65537 × 6700417

ಏಳು ಬೇರೆ ಬೇರೆ ಅವಿಭಾಜ್ಯಗಳು, ಪ್ರತಿಯೊಂದೂ ಒಂದೊಂದು ಸಲ. ಭಾಜಕವೊಂದನ್ನು ಕಟ್ಟುವಾಗ ಪ್ರತಿ ಅವಿಭಾಜ್ಯವನ್ನು ತೆಗೆದುಕೊಳ್ಳುವುದೋ ಬಿಡುವುದೋ ಎಂಬ ಎರಡು ಆಯ್ಕೆಗಳಿರುವುದರಿಂದ, 1 ಮತ್ತು ಸಂಖ್ಯೆಯನ್ನೂ ಸೇರಿಸಿ, ಒಟ್ಟು ಭಾಜಕಗಳು 128. ಅಂಕಿಗಳ ಮೊತ್ತ 87. ಆದ್ದರಿಂದ 3ರಿಂದ ಭಾಗವಾಗಿ 9ರಿಂದ ಆಗದಿರುವುದನ್ನು ಚಿಕ್ಕ ತರಗತಿಯವರೂ ತಾಳೆ ನೋಡಬಹುದು.

ಮೂರನೆಯ ಪ್ರಶ್ನೆಗೆ, ಅಂದರೆ ವಿಶೇಷದ ಪ್ರಶ್ನೆಗೆ, ನಾನು ಒಂದನ್ನೇ ಆರಿಸಿಕೊಳ್ಳುತ್ತೇನೆ, ಏಕೆಂದರೆ ಅದು ಲೆಕ್ಕವನ್ನು ರೇಖಾಗಣಿತದೊಂದಿಗೆ ಬೆಸೆಯುತ್ತದೆ. ಕಾರ್ಲ್ ಫ್ರೆಡ್ರಿಕ್ ಗೌಸ್ 1796ರಲ್ಲಿ ಅಳತೆಪಟ್ಟಿಯ ಗೆರೆಗಳನ್ನು ಬಳಸದೆ, ಬರೇ ನೇರ ಅಂಚು ಮತ್ತು ಕೈವಾರದಿಂದ 17 ಬಾಹುಗಳ ಸಮಬಹುಭುಜವನ್ನು ರಚಿಸಬಹುದೆಂದು ಕಂಡುಕೊಂಡ. ಬಾಹುಗಳ ಸಂಖ್ಯೆ ಬೆಸವಾಗಿದ್ದರೆ, ಅದು ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧವಾಗಿದ್ದಾಗ ಅಂತಹ ರಚನೆ ಸಾಧ್ಯ. ಇಲ್ಲದಿದ್ದರೆ ಅಸಾಧ್ಯ ಎಂಬುದಕ್ಕೆ 1837ರಲ್ಲಿ ಫ್ರಾನ್ಸಿನ ಗಣಿತಜ್ಞ ವಾಂಟ್ಜೆಲ್ ಸಾಧನೆ ಕೊಟ್ಟ. ಇದುವರೆಗೆ ತಿಳಿದಿರುವ ಫರ್ಮಾ ಅವಿಭಾಜ್ಯಗಳು ಐದೇ, ಅವು ಐದೂ ನಮ್ಮ ಅರ್ಧ ಮಣೆಯಲ್ಲಿವೆ. ಆದ್ದರಿಂದ ಕೈವಾರದಿಂದ ರಚಿಸಬಹುದೆಂದು ತಿಳಿದಿರುವ ಬೆಸಬಾಹುಗಳ ಸಮಬಹುಭುಜಗಳು, ಮೊದಲ 32 ಮನೆಗಳ ಮೊತ್ತವಾದ 4294967295ರ ಭಾಜಕಗಳಲ್ಲಿ 1ನ್ನು ಬಿಟ್ಟು ಉಳಿದ 31 ಮಾತ್ರ. ಅವುಗಳಲ್ಲಿ ಕೊನೆಯದಕ್ಕೆ ಅರ್ಧ ಮಣೆಯ ಕಾಳುಗಳಷ್ಟೇ ಬಾಹುಗಳು.

ಇದನ್ನು ಮಕ್ಕಳ ಕೈಯಿಂದ ಮಾಡಿಸುವ ಚೆಲುವಾದ ದಾರಿಯೊಂದಿದೆ. ಪಿಂಗಳನ ಛಂದಃಸೂತ್ರಕ್ಕೆ ಹಲಾಯುಧನು ಬರೆದ ವ್ಯಾಖ್ಯಾನದಿಂದ ನಮಗೆ ಪರಿಚಿತವಾದ ಮೇರುಪ್ರಸ್ತಾರವನ್ನು, ಅಂದರೆ ಮೇಲಿನ ಎರಡು ಅಂಕಿಗಳನ್ನು ಕೂಡಿಸಿ ಕೆಳಗೆ ಬರೆಯುವ ತ್ರಿಕೋನವನ್ನು ಹಾಕಿಸಿ. ಬೆಸಸಂಖ್ಯೆಯಿದ್ದಲ್ಲಿ 1, ಸಮಸಂಖ್ಯೆಯಿದ್ದಲ್ಲಿ 0 ಎಂದು ಬರೆಯಲಿ. ಸಾಲುಗಳು 1, 1 1, 1 0 1, 1 1 1 1, 1 0 0 0 1 ಎಂದಾಗುತ್ತವೆ. ಪ್ರತಿ ಸಾಲನ್ನೂ ದ್ವಿಮಾನ ಸಂಖ್ಯೆಯಾಗಿ ಓದಿದರೆ 1, 3, 5, 15, 17, 51, 85, 255, 257 ಎಂದು ಮುಂದುವರಿಯುತ್ತದೆ. ಮೊದಲ 32 ಸಾಲುಗಳು 4294967295ರ 32 ಭಾಜಕಗಳನ್ನು ಏರಿಕೆಯ ಕ್ರಮದಲ್ಲಿ, ಒಂದನ್ನೂ ಬಿಡದೆ ಕೊಡುತ್ತವೆ. ಮೂವತ್ತಮೂರನೆಯ ಸಾಲು 4294967297. ಆಯ್ಲರ್ ಒಡೆದ ಸಂಖ್ಯೆ. ಕೈವಾರದ ಬಹುಭುಜಗಳ ಪಟ್ಟಿ ಅಲ್ಲಿಗೆ ನಿಲ್ಲುತ್ತದೆ, ತ್ರಿಕೋನ ಮಾತ್ರ ಬೆಳೆಯುತ್ತಲೇ ಹೋಗುತ್ತದೆ. ಅರುವತ್ತನಾಲ್ಕನೆಯ ಸಾಲಿನಲ್ಲಿ 64 ಸ್ಥಾನಗಳಲ್ಲಿಯೂ 1. ಅದನ್ನು ದ್ವಿಮಾನದಲ್ಲಿ ಓದಿದರೆ ನಮ್ಮ 18446744073709551615. 64 ಬಿಟ್‌ಗಳ ಕಂಪ್ಯೂಟರಿನಲ್ಲಿ ಋಣಚಿಹ್ನೆಯಿಲ್ಲದ ಪೂರ್ಣಾಂಕವೊಂದು ತಲುಪಬಹುದಾದ ಗರಿಷ್ಠ ಬೆಲೆಯೂ ಇದೇ. ಅದಕ್ಕೆ ಒಂದು ಸೇರಿಸಿದರೆ ಯಂತ್ರವು ಸೊನ್ನೆಗೆ ಮರಳುತ್ತದೆ. ಲ್ಯೂಕಾ 1883ರಲ್ಲಿ ಪ್ರಚಾರಕ್ಕೆ ತಂದ ಹನೋಯ್ ಗೋಪುರದ ಆಟದಲ್ಲಿ (ಚಿಕ್ಕ ಬಿಲ್ಲೆಯ ಮೇಲೆ ದೊಡ್ಡದನ್ನು ಇಡದೆ, ಮೂರು ಕಂಬಗಳ ನಡುವೆ ಒಂದೊಂದಾಗಿ ಸಾಗಿಸುವ ಆಟ) 64 ಬಿಲ್ಲೆಗಳನ್ನು ಸಾಗಿಸಲು ಬೇಕಾಗುವ ಕನಿಷ್ಠ ನಡೆಗಳೂ ಇಷ್ಟೇ. ಸೆಕೆಂಡಿಗೊಂದು ನಡೆಯಂತೆ ಸುಮಾರು 58,500 ಕೋಟಿ ವರ್ಷಗಳು.

ತರಗತಿಯಲ್ಲಿ ಚುರುಕಾದವರು ಇನ್ನೂ ಕೇಳಿದರೆ, ನಮ್ಮ ಸಂಖ್ಯೆಗಿಂತ ಎರಡು ಹೆಚ್ಚಾದ 18446744073709551617ನ್ನು ಕೊಡಿ. ಅದು ಏಳನೆಯ ಫರ್ಮಾ ಸಂಖ್ಯೆ. 128 ಮನೆಗಳ ಮಣೆಯೊಂದನ್ನು ಕಲ್ಪಿಸಿದರೆ ಮುಂದಿನ ಗುಣಕ. ಅದರ ಅವಿಭಾಜ್ಯ ಭಾಜಕಗಳು 256ರ ಅಪವರ್ತ್ಯಕ್ಕಿಂತ ಒಂದು ಹೆಚ್ಚಾಗಿರಬೇಕು. 1880ರಲ್ಲಿ ಫ್ರಾನ್ಸಿನ ಲ್ಯಾಂಡ್ರಿ ಅದರ ಅಪವರ್ತನವನ್ನು ಪ್ರಕಟಿಸಿದ. ಚಿಕ್ಕ ಭಾಜಕ 274177, ಅಂದರೆ 256 × 1071 + 1. ಅದನ್ನು ಹುಡುಕುವ ಶ್ರಮ ಮಕ್ಕಳಿಗೆ ಬೇಡ, ಆದರೆ ಭಾಗಿಸಿ ನೋಡುವ ಶ್ರಮ ಖಂಡಿತ ಬೇಕು: ಭಾಗಲಬ್ಧ 67280421310721 ಬಂದು, ಶೇಷ ಏನೂ ಉಳಿಯಬಾರದು.